ಕಡಚಲಿನ ಊರು ಚನ್ನಪಟ್ಟಣ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಸುಮಾರು ೬೦ ಕಿಲೋಮೀಟರು ಸಾಗಿದರೆ ಸಿಗುವ ಚನ್ನಪಟ್ಟಣವನ್ನು ನೋಡದವರು ನಮ್ಮಲ್ಲಿ ವಿರಳ. ಅಲ್ಲಿ ಇಳಿದು ನಿಂತವರು ಅದಕ್ಕಿಂತಲೂ ವಿರಳ. ಬಸ್ಸಿನ ಕಿಟಕಿಯಲ್ಲಿ ಕೆಂಪು, ಹಳದಿ, ಹಸುರು ಬೊಂಬೆಗಳ ಸಾಲು ಕಾಣಿಸಿತು, ಮಡಿಲಿನ ಮಗು ಹಟ ಹಿಡಿಯಿತು, ಒಂದು ಗಿಲಕಿಯೋ ಬುಗುರಿಯೋ ಕೈಸೇರಿತು, ಬಸ್ಸು ಹೊರಟಿತು. ಬಹುಮಂದಿಗೆ ಈ ಊರಿನ ಪರಿಚಯ ಇಷ್ಟೇ. ಆದರೆ ಬೊಂಬೆಗಳು ಅಂಗಡಿಯಲ್ಲಿ ಹುಟ್ಟುವುದಿಲ್ಲವಷ್ಟೆ? ಅವು ಹುಟ್ಟುವ ಓಣಿಗಳನ್ನು ಕಾಣಬೇಕಾದರೆ ರಸ್ತೆಯನ್ನು ಬಿಟ್ಟು ಒಳಗೆ ನಡೆಯಬೇಕು.

ಊರು ಹಳೆಯದು. ಇಲ್ಲಿಯ ಕೋಟೆಯನ್ನು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಜಗದೇವರಾಯನು ಕಟ್ಟಿಸಿದನೆಂದು ಹೇಳುತ್ತಾರೆ. ಬೊಂಬೆಯ ಕಸಬಿಗೆ ಜನರು ಟಿಪ್ಪುಸುಲ್ತಾನನ ಹೆಸರನ್ನು ಕಟ್ಟಿದ್ದಾರೆ. ಅವನು ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿದನಂತೆ. ಇದು ಬಾಯಿಂದ ಬಾಯಿಗೆ ಬಂದ ಮಾತು. ಇಪ್ಪತ್ತನೆಯ ಶತಮಾನದ ಆದಿಯ ಗೆಜೆಟಿಯರಿನಲ್ಲಿ ಮಾತ್ರ ಇಲ್ಲಿಯ ಶುಕ್ರವಾರಪೇಟೆಯು ಮೂರು ಸರಕುಗಳಿಗೆ ಹೆಸರಾಗಿತ್ತೆಂದು ಬರೆದಿದೆ: ಅರಗಿನ ಸಾಮಾನು ಮತ್ತು ಆಟಿಕೆ, ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ, ಗಾಜಿನ ಬಳೆ. ಇಂದು ಚನ್ನಪಟ್ಟಣವೆಂದೊಡನೆ ತಂತಿಯಾಗಲಿ ಬಳೆಯಾಗಲಿ ಯಾರ ನೆನಪಿಗೂ ಬಾರದು. ಮೂರರಲ್ಲಿ ಹೆಸರು ಉಳಿಸಿಕೊಂಡದ್ದು ಒಂದೇ.

ಓಣಿಯೊಳಗೆ ಹತ್ತು ಹೆಜ್ಜೆ ಇಟ್ಟರೆ ಸಾಕು, ಜೇನುಗೂಡಿನ ಗುಂಯ್‌ಗಾರದಂಥ ಸದ್ದು ಕಿವಿಗೆ ಬೀಳುತ್ತದೆ. ಅದೇ ಕಡಚಲು. ಮರವನ್ನು ತಿರುಗಿಸುತ್ತ ಉಳಿ ಹಿಡಿದು ರೂಪ ಕೊಡುವ ಕೆಲಸಕ್ಕೆ ಈ ಹೆಸರು. ಹಿಂದೆ ಒಬ್ಬನು ಕೈಯಿಂದ ತಿರುಗಿಸುತ್ತಿದ್ದರೆ ಇನ್ನೊಬ್ಬನು ಕೆತ್ತುತ್ತಿದ್ದನು. ಈಗ ಬಹುತೇಕ ಎಲ್ಲೆಡೆಯೂ ವಿದ್ಯುತ್ತು ತಿರುಗಿಸುತ್ತದೆ. ನಾನು ಹೋದ ಕಾರ್ಖಾನೆ ಎಂದರೆ ಒಂದು ಉದ್ದನೆಯ ಹಜಾರ, ಅಷ್ಟೆ. ನೆಲದ ಮೇಲೆ ಮಂಡಿಯುದ್ದ ಮರದ ಸುರುಳಿ. ಬಾಗಿಲ ಬಳಿ ಕುಳಿತಿದ್ದ ವೃದ್ಧರನ್ನು ಸುತ್ತಲಿನವರೆಲ್ಲ 'ಉಸ್ತಾದರು' ಎಂದು ಕರೆಯುತ್ತಿದ್ದರು.

ಅವರು ಗೇಣುದ್ದದ ಬಿಳಿಯ ತುಂಡೊಂದನ್ನು ಯಂತ್ರದ ಹಿಡಿಗೆ ಸುತ್ತಿಗೆಯಿಂದ ಬಡಿದು ಕೂರಿಸಿದರು. ಯಂತ್ರ ತಿರುಗಿತು. ಉಳಿ ತಾಕಿದೊಡನೆ ಹೆರೆಯು ಹಗುರವಾಗಿ ಹಾರತೊಡಗಿತು. ಒಂದೆಡೆ ಒತ್ತಿದರು, ಕತ್ತು. ಮೇಲೆ ಗುಂಡಗೆ ಬಿಟ್ಟರು, ತಲೆ. ಕೆಳಗೆ ಸ್ವಲ್ಪ ಸ್ವಲ್ಪವೇ ಅಗಲಿಸಿದರು, ಲಂಗ. ಅಳತೆಗೋಲನ್ನು ಒಮ್ಮೆಯೂ ಮುಟ್ಟಲಿಲ್ಲ. ಉಪ್ಪುಕಾಗದ ಸವರಿ, ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯೊಂದನ್ನು ತಿರುಗುತ್ತಿದ್ದ ಮರಕ್ಕೆ ಅದುಮಿದರು. ನೋಡಬೇಕಾದದ್ದು ಈ ಗಳಿಗೆ! ಕುಂಚವಿಲ್ಲ, ಬಟ್ಟಲಿಲ್ಲ, ಬೆಂಕಿಯಿಲ್ಲ. ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಮೇಲೆ ಮಡಿಸಿದ ತಾಳೆಗರಿಯನ್ನು ಒತ್ತಿ ಹಿಡಿದರೆ ಬಣ್ಣವು ಸಮವಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಇಲ್ಲಿ ತಾಳೆಯೆಂದರೆ ಕೇದಗೆಯ ಜಾತಿಯ ಗಿಡ. ಪೇಟೆಯಲ್ಲಿ ಎಷ್ಟೋ ಬಗೆಯ ಮೆರುಗೆಣ್ಣೆ ಸಿಕ್ಕುವ ಈ ದಿನಗಳಲ್ಲಿಯೂ ಆ ಒಣ ಎಲೆಯನ್ನು ಇವರು ಬಿಟ್ಟಿಲ್ಲ.

"ಒತ್ತಿದ್ದು ಹೆಚ್ಚಾದ್ರೆ ಅರಗು ಸುಟ್ಟು ಕಪ್ಪಾಗ್ತದೆ ಸ್ವಾಮಿ, ಕಡಿಮೆಯಾದ್ರೆ ಹತ್ತೋದೇ ಇಲ್ಲ," ಎಂದರು ಉಸ್ತಾದರು. "ಎಷ್ಟು ಅಂತ ಕೇಳಿದ್ರೆ ಹೇಳಕ್ಕಾಗಲ್ಲ. ಕೈಗೆ ಗೊತ್ತು."

ಮರದ ವಿಷಯವನ್ನೂ ಹೇಳಬೇಕು. ಕಸಬುದಾರರು ಇದನ್ನು ಆಲೆಮರ ಎನ್ನುತ್ತಾರೆ. ಆಲದ ಮರವೆಂದು ಭ್ರಮಿಸಬಾರದು. ಕಡಿದರೆ ಹಾಲು ಸುರಿಸುವ, ಕುರುಚಲು ಕಾಡಿನಲ್ಲಿ ಬೆಳೆಯುವ ಸಣ್ಣ ಮರವಿದು. ಒಳಗೆ ದಂತದಂತೆ ಬಿಳುಪು, ನಯವಾದ ಎಳೆ, ಉಳಿಗೆ ಸುಲಭವಾಗಿ ಒಗ್ಗುವ ಮೃದುತನ. ಚೆನ್ನಾಗಿ ಒಣಗಿಸದೆ ಕಡೆದರೆ ಮುಂದೆ ಬಿರುಕು ಬಿಡುತ್ತದೆಯಾಗಿ, ಕೊರಡುಗಳನ್ನು ತಿಂಗಳುಗಟ್ಟಲೆ ಕಾಯಿಸುತ್ತಾರೆ. ಆಂಧ್ರದ ಏಟಿಕೊಪ್ಪಾಕದ ಬೊಂಬೆಗಾರರೂ ಇದೇ ಮರವನ್ನು ನೆಚ್ಚಿಕೊಂಡವರು. ಅರಗಾದರೋ ದೂರದ್ದು: ಪಲಾಶ, ಬೋರೆ ಮುಂತಾದ ಮರಗಳ ಕೊಂಬೆಯಲ್ಲಿ ಪುಟ್ಟ ಕೀಟವೊಂದು ಸುರಿಸುವ ಅಂಟು, ಹೆಚ್ಚಾಗಿ ಜಾರ್ಖಂಡ, ಛತ್ತೀಸಗಢದ ಕಡೆಯಲ್ಲಿ ದೊರೆಯುತ್ತದೆ. ಅದಕ್ಕೆ ಅರಿಶಿನ, ನೀಲಿ ಮೊದಲಾದ ಗಿಡಮೂಲದ ಬಣ್ಣಗಳನ್ನು ಸೇರಿಸಿ ಕಡ್ಡಿ ಮಾಡುವುದುಂಟು. ಕೂಸುಗಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದರಿಂದ ತಾಯಂದಿರು ಇದನ್ನು ವಿಚಾರಿಸಿಯೇ ಕೊಳ್ಳುವುದು ಲೇಸು.

ಚನ್ನಪಟ್ಟಣದ ಬೊಂಬೆಗೆ ಕೈಕಾಲು ಇಲ್ಲದಿರುವುದನ್ನು ಗಮನಿಸಿದ್ದೀರಾ? ತಿರುಗುವ ಯಂತ್ರದಿಂದ ದುಂಡಗಿನ ರೂಪವಲ್ಲದೆ ಬೇರೆ ಹುಟ್ಟದು. ಆದುದರಿಂದ ರಾಜನೂ ದುಂಡು, ರಾಣಿಯೂ ದುಂಡು, ಪೊಲೀಸನೂ ದುಂಡು. ಕಿರೀಟವೋ ಜಡೆಯೋ ಮೀಸೆಯೋ ಎಂಬುದನ್ನು ಕೊನೆಯಲ್ಲಿ ಕುಂಚದ ನಾಲ್ಕು ಗೆರೆಗಳು ನಿಶ್ಚಯಿಸುತ್ತವೆ. ಜಪಾನಿನ ಕೊಕೇಶಿ ಎಂಬ ಮರದ ಬೊಂಬೆಗೂ ಕೈಕಾಲುಗಳಿಲ್ಲ. ಇಲ್ಲಿಯ ಕಸಬಿಗೆ ಜೀವ ತುಂಬಿದ ಹಿರಿಯರೆಂದು ಊರವರು ಸ್ಮರಿಸುವ ಬಾವಾಸ್ ಮಿಯಾ ಅವರು ಜಪಾನಿನ ಕುಶಲಕಲೆಯನ್ನು ಅರಿತು, ಅಲ್ಲಿಯ ರೀತಿಗಳನ್ನು ಈ ಓಣಿಗಳಿಗೆ ತಂದರೆಂಬುದನ್ನು ಇಲ್ಲಿ ನೆನೆಯಬಹುದು. ನನಗಂತೂ ಕೈಕಾಲು ಕೆತ್ತಿ ಅಂಟಿಸಿದ ಹೊಸ ಮಾದರಿಗಳಿಗಿಂತ ಈ ಮೊಂಡು ಬೊಂಬೆಗಳೇ ಹೆಚ್ಚು ಚೆಲುವಾಗಿ ತೋರಿದವು.

ಹಜಾರದ ಇನ್ನೊಂದು ಸಾಲಿನಲ್ಲಿ ಹೆಂಗಸರು ಯಂತ್ರಗಳ ಮುಂದೆ ಕುಳಿತಿದ್ದರು. ಹಿಂದೆ ಉಳಿ ಹಿಡಿಯುವುದು ಗಂಡಸರ ಪಾಲಾಗಿತ್ತು. ಬುಗುರಿ ಕಡೆಯುತ್ತಿದ್ದ ನಡುವಯಸ್ಸಿನ ಒಬ್ಬಾಕೆಯನ್ನು, "ಎಷ್ಟು ವರ್ಷವಾಯಿತಮ್ಮ ಕಲಿತು?" ಎಂದು ಕೇಳಿದೆ. "ಮಗಳು ಸ್ಕೂಲಿಗೆ ಸೇರಿದ ವರ್ಷ ಕಲಿತೆ. ಈಗ ಅವಳು ಡಿಗ್ರಿ ಮುಗಿಸಿದಾಳೆ," ಎಂದಳು. ಮಗಳೂ ಈ ಕೆಲಸಕ್ಕೆ ಬರುವಳೇ ಎಂದುದಕ್ಕೆ ನಕ್ಕು ಬುಗುರಿಯ ಮೊಳೆಯತ್ತ ತಿರುಗಿದಳು.

ಆ ನಗೆಯ ಕಾರಣ ತಿಳಿಯಲು ಮತ್ತೆ ರಸ್ತೆಗೆ ಬರಬೇಕು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಹಡಗಿನಲ್ಲಿ ಬಂದು ತುಂಬಿಕೊಂಡ ಮೇಲೆ ಎಷ್ಟೋ ಮನೆಗಳಲ್ಲಿ ಕಡಚಲು ನಿಂತಿತು. ಅದನ್ನು ತಡೆಯಲು ಪ್ರಯತ್ನಗಳು ನಡೆಯದೆ ಇಲ್ಲ. ಬೊಂಬೆಗೆ ಊರಿನ ಹೆಸರಿನ ಹಕ್ಕನ್ನು ಕಾಯುವ ಭೌಗೋಳಿಕ ಸೂಚಕ ದೊರಕಿತು; ೨೦೨೧ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ ನೋಂದಾಯಿತ ಕರಕುಶಲಿಗಳಿಗೆ ವಿನಾಯಿತಿಯೂ ಸಿಕ್ಕಿತು. ಕಸಬು ಚೇತರಿಸಿಕೊಳ್ಳುವಂತೆ ಕಂಡಿತು. ಆಮೇಲೆ ರಸ್ತೆಯೇ ಊರನ್ನು ಬಿಟ್ಟು ಹೋಯಿತು! ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥವು ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹಾಯುತ್ತದೆ. ಪ್ರಯಾಣದ ಕಾಲ ಬಹಳ ಉಳಿಯಿತು, ನಿಜ. ಆದರೆ ದಾರಿಹೋಕರ ಜೇಬಿನಿಂದ ಬದುಕುತ್ತಿದ್ದ ಅಂಗಡಿಗಳಿಗೆ ದಾರಿಹೋಕರೇ ಇಲ್ಲವಾದರು.

"ಮೊದಲು ಭಾನುವಾರ ಊಟಕ್ಕೆ ಎದ್ದು ಹೋಗೋಕೆ ಪುರಸೊತ್ತಿರಲಿಲ್ಲ ಸಾರ್," ಎಂದನು ಹಳೆಯ ಹೆದ್ದಾರಿಯ ಒಬ್ಬ ಅಂಗಡಿಯ ಯುವಕ. "ಈಗ ಬೆಂಗಳೂರಿನ ಅಂಗಡಿಯವರಿಗೆ ಕಳಿಸ್ತೀವಿ, ಫೋನಿನಲ್ಲಿ ಆರ್ಡರ್ ತಗೊಳ್ತೀವಿ. ಆದ್ರೆ ಮಗು ಕೈಯಲ್ಲಿ ಹಿಡ್ಕೊಂಡು ಇದೇ ಬೇಕು ಅಂತ ಅಳ್ತಿತ್ತಲ್ಲ, ಆ ವ್ಯಾಪಾರ ಹೋಯ್ತು."

ಅವನ ಅಂಗಡಿಯಲ್ಲಿಯೂ ಹೊರಗಿನ ಪ್ಲಾಸ್ಟಿಕ್ ಕಾರುಗಳು ತೂಗಾಡುತ್ತಿದ್ದುವು. ಕೊಳ್ಳುವವರು ಕೇಳಿ, ನೋಡಿ ಆರಿಸಿಕೊಳ್ಳಬೇಕು. ನಿಜವಾದ ಅರಗಿನ ಕೆಲಸದಲ್ಲಿ ಬಣ್ಣದ ಪಟ್ಟಿಗಳು ಬಳೆ ತೊಡಿಸಿದಂತೆ ಮರದ ಸುತ್ತ ಬರುತ್ತವೆ. ಮನೆಗೆ ತಂದ ಮೇಲೆ ಒಣ ಬಟ್ಟೆಯಿಂದ ಒರಸಿದರೆ ಸಾಕು. ಕಾವಿನಿಂದ ಹತ್ತಿದ ಅರಗು ಕಾವಿಗೇ ಬಿಡುವುದರಿಂದ ಬಿಸಿನೀರೂ ಕಡು ಬಿಸಿಲೂ ಅದಕ್ಕೆ ಆಗದು.

ದಶಪಥದಲ್ಲಿ ಹೋಗುವವರು ರಾಮನಗರಕ್ಕೆ ಮುಂಚೆಯೇ ಹಳೆಯ ರಸ್ತೆಗೆ ಇಳಿದುಕೊಳ್ಳಬೇಕು. ಅದಕ್ಕಿಂತ ರೈಲೇ ಮೇಲು. ನಿಲ್ದಾಣದಲ್ಲಿ ಇಳಿದು ಬೊಂಬೆ ಮಾಡುವ ಓಣಿ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಮಧ್ಯಾಹ್ನದ ಊಟದ ಹೊತ್ತನ್ನು ಮಾತ್ರ ಬಿಟ್ಟು ಹೋಗಿರಿ; ಆಗ ಯಂತ್ರಗಳು ನಿಂತಿರುತ್ತವೆ, ಉಸ್ತಾದರು ಮರದ ಸುರುಳಿಯ ಮೇಲೆ ಟವಲು ಹಾಸಿ ಮಲಗಿರುತ್ತಾರೆ.