ವೈನಿ ಮತ್ತು ನೀರಿನ ಬಾಟಲಿ

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಎಷ್ಟೇ ಪಥ್ಯ ಹೇಳಿ ಕಳಿಸಲಿ, ನಮ್ಮ ಕಡೆ ಒಲೆ ಮುಂದೆ ನಿಂತವರು ಎಷ್ಟೋ ಮನೆಗಳಲ್ಲಿ ಮರಾಠಿಯವರು, ಇಲ್ಲವೇ ಕೊಂಕಣಿಯವರು. ಅಂಬಿಕಾನಗರದ ನಮ್ಮ ಪಕ್ಕದ ಮನೆಯ ವೈನಿ (ಮರಾಠಿಯಲ್ಲಿ ಅತ್ತಿಗೆ) ಹಳಿಯಾಳ ಕಡೆಯ ಮರಾಠಿ ಹೆಣ್ಣುಮಗಳು. ಕನ್ನಡದ ಪಥ್ಯದ ಚೀಟಿ, ಡಯಾಲಿಸಿಸ್ ಮಾಡಿಸಿಕೊಳ್ಳುವ ಅವರ ಗಂಡ ಅಣ್ಣಾವರ ಅಂಗಿ ಕಿಸೆಯಲ್ಲೇ ಉಳಿಯುತ್ತಿತ್ತು.

ಕೊನೆಗೆ ನರ್ಸ್ ಒಬ್ಬರು ವೈನಿಯನ್ನೇ ಕೂರಿಸಿಕೊಂಡು, "ಭಾಜಿ ಉಕಡೂನ್ ಪಾಣಿ ಕಾಢೂನ್ ಟಾಕಾ" ಅಂದರು. ತರಕಾರಿ ಹೆಚ್ಚಿ, ಕುದಿಸಿ, ನೀರು ಬಸಿದರೆ ಪೊಟ್ಯಾಷಿಯಂ ಒಂದಷ್ಟು ಇಳಿಯುತ್ತದೆ; ರಕ್ತದಲ್ಲಿ ಅದು ಏರಿದರೆ ಹೃದಯಕ್ಕೇ ಪೆಟ್ಟು. ಹಿತ್ತಲಿನ ಕಮರಾಕ್ಷಿ ಹಣ್ಣಂತೂ ಕಿಡ್ನಿ ಸೋತವರಿಗೆ ವಿಷ. ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪಿಸಬಲ್ಲದು. ಉಪ್ಪು ಕಡಿಮೆ ಮಾಡಲು ಹೋಗಿ 'ಲೋ ಸೋಡಿಯಂ' ಉಪ್ಪು ತರುವವರಿದ್ದಾರೆ. ಅದರಲ್ಲಿ ಸೋಡಿಯಂ ಬದಲು ಸೇರಿಸುವುದೂ ಪೊಟ್ಯಾಷಿಯಮ್ಮನ್ನೇ!

ಜಗಳವೆಲ್ಲ ನೀರಿನದು. ಮೂತ್ರ ನಿಂತವರು ಕುಡಿದ ಒಂದು ಲೀಟರ್ ಮೈಯಲ್ಲಿ ಒಂದು ಕಿಲೋ ಆಗಿ ಕೂರುತ್ತದೆ. ಅದನ್ನು ಯಂತ್ರ ನಾಲ್ಕು ತಾಸಿನಲ್ಲಿ ಎಳೆಯಬೇಕು. ಜಾಸ್ತಿ ಎಳೆದರೆ ಬಿಪಿ ಇಳಿದು ಕಾಲು ಸೆಟೆಯುತ್ತದೆ. ಅಣ್ಣಾವರು ತಂಬಿಗೆಗೆ ಕೈ ಹಾಕಿದರೆ ಸಾಕು, ಒಳಗಿಂದ "ಆತಾ ಪಾಣಿ ನಕೋ!" (ಈಗ ನೀರು ಬೇಡ!) ಇವರು, "ನೀ ಏನ್ ಪೊಲೀಸ್ ಆಗೀಯೇನ?"

ಈಗ ದಿನದ ಪಾಲಿನ ನೀರು ಬೆಳಿಗ್ಗೆಯೇ ಒಂದು ಬಾಟಲಿಗೆ. ಚಹಾ, ಸಾರು, ಮಜ್ಜಿಗೆ ಕೊಟ್ಟಷ್ಟನ್ನು ವೈನಿ ಅದರಿಂದ ಚೆಲ್ಲುತ್ತಾರೆ. ಉಳಿದದ್ದು ಅಣ್ಣಾವರದು, ಯಾವಾಗ ಕುಡಿದರೂ ಕೇಳುವಂತಿಲ್ಲ. ತೂಕ ಬರೆದಿಡುವವರೂ ಅವರೇ. ಡಯಾಲಿಸಿಸ್‌ಗೆಂದು ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಮುಟ್ಟಿ ಝುಂ ಅನ್ನುತ್ತದೋ ಇಲ್ಲವೋ ನೋಡುವುದು ಮಾತ್ರ ವೈನಿಯ ಪಾಳಿ. ಅದು ನಿಂತಿದ್ದರೆ ತಕ್ಷಣ ಆಸ್ಪತ್ರೆಗೆ ಫೋನ್. ಆ ಕೈಗೆ ಬಿಪಿ ಪಟ್ಟಿ ಕಟ್ಟಿಸಬಾರದು, ಸೂಜಿ ಚುಚ್ಚಿಸಿ ರಕ್ತ ತೆಗೆಸಬಾರದು.

2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಖರ್ಚು ತಪ್ಪಿತು, ಸರಿ. ಆದರೆ ಜೋಯಿಡಾದ ಕಾಡಿನ ಹಳ್ಳಿಯಿಂದ ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ಸಲ ಬಸ್ ಹಿಡಿಯುವುದೇನು ಸಣ್ಣ ಮಾತೇ? ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ 2019ರಲ್ಲಿ ಇದೇ ಕಾರ್ಯಕ್ರಮಕ್ಕೆ ಸೇರಿತು. ಅಲ್ಲಿ ಕೈ ತೊಳೆಯುವುದರಲ್ಲಿ ಎಡವಿದರೂ ಹೊಟ್ಟೆಗೆ ಸೋಂಕು. ಜೋಯಿಡಾದ ಕುಣಬಿ ಸಮುದಾಯದವರ ಮನೆಗೆ ಅದನ್ನು ಕೊಂಕಣಿಯಲ್ಲೇ ಕಲಿಸಬೇಕು.

ಶನಿವಾರದ ಪಾಳಿಗೆ ಅಣ್ಣಾವರ ಜೊತೆ ಈಗ ನಾನು ಹೋಗುತ್ತೇನೆ. ವೈನಿಗೆ ಅವತ್ತು ರಜೆ, ತಂಗಿಯ ಮನೆಗೆ ಹೋಗುತ್ತಾರೆ. ಬಾಟಲಿಯ ಉಸಾಬರಿ ನನಗೆ ಒಪ್ಪಿಸಿಲ್ಲ, ಅದು ಅಣ್ಣಾವರದೇ.