ಹಾರ್ಲೆಮ್ಮಿನ ಹೆರಳಂಗಡಿಗಳು

ನ್ಯೂಯಾರ್ಕ್ ಮಹಾನಗರದಲ್ಲಿ ಸೆಂಟ್ರಲ್ ಪಾರ್ಕೆಂಬ ವಿಶಾಲವಾದ ಉದ್ಯಾನವನ್ನು ದಾಟಿ ಉತ್ತರಾಭಿಮುಖವಾಗಿ ನಡೆದರೆ ಹಾರ್ಲೆಮ್ ಎಂಬ ಭಾಗವು ದೊರೆಯುವುದು. ಆ ಹೆಸರನ್ನಿಟ್ಟವರು ಡಚ್ಚರು. ಆದರೆ ನೂರು ವರ್ಷಗಳಿಗೂ ಮೇಲ್ಪಟ್ಟು ಅದಕ್ಕೆ ಕಳೆಯನ್ನು ತಂದುಕೊಟ್ಟವರು ಆಫ್ರಿಕ ಮೂಲದ ಅಮೆರಿಕನರು. ಅಲ್ಲಿಗೆ ಹೋದ ಯಾತ್ರಿಕರು ಸಾಮಾನ್ಯವಾಗಿ ಅಪೊಲೊ ರಂಗಮಂದಿರವನ್ನು ನೋಡುವರು. ಭಾನುವಾರ ಚರ್ಚುಗಳಲ್ಲಿ ನಡೆಯುವ ಮೇಳಗಾನವನ್ನು ಕೇಳುವರು. ನಾವೂ ನೋಡಿದೆವು, ಕೇಳಿ ಸಂತೋಷಪಟ್ಟೆವು. ಆದರೆ ಈ ಮಾಸಪತ್ರಿಕೆಯನ್ನು ಮನೆಯಲ್ಲಿ ಕುಳಿತು ಓದುವ ಸೋದರಿಯರಿಗೆ ಹೇಳಲೇಬೇಕೆಂದು ನಮಗೆ ತೋರಿದುದು ಬೇರೊಂದು ಸಂಗತಿ. ಅದು ಅಲ್ಲಿಯ ಹೆರಳಂಗಡಿಗಳ ಸಂಗತಿ.

125ನೆಯ ಬೀದಿಯಲ್ಲಿ ಭೂಗತ ರೈಲಿನಿಂದಿಳಿದು ಮೆಟ್ಟಿಲೇರಿ ಬಂದೊಡನೆಯೇ ಮೂರು ನಾಲ್ಕು ಮಂದಿ ಹೆಂಗಸರು ಎದುರಾಗಿ, “ಹೆರಳು ಹಾಕಿಸುವಿರಾ, ಅಮ್ಮಾ?” ಎಂದು ಕೇಳಿದರು. ಪಶ್ಚಿಮ ಆಫ್ರಿಕದ ಸೆನೆಗಾಲ್, ಮಾಲಿ, ಗಿನಿ ಮೊದಲಾದ ದೇಶಗಳಿಂದ ಬಂದು ನೆಲೆಸಿದವರಲ್ಲಿ ಅನೇಕ ಸ್ತ್ರೀಯರಿಗೆ ಇದೇ ಜೀವನೋಪಾಯ. 116ನೆಯ ಬೀದಿಯ ಒಂದು ಭಾಗಕ್ಕಂತೂ ‘ಪುಟ್ಟ ಸೆನೆಗಾಲ್’ ಎಂಬ ಹೆಸರೇ ಬಿದ್ದಿದೆ. ತಾಯಿಯ ಮಡಿಲಲ್ಲಿ ಕುಳಿತು ಕಲಿತ ವಿದ್ಯೆಯು ಸಾವಿರಾರು ಮೈಲಿಗಳ ಈಚೆ ಪರದೇಶದಲ್ಲಿ ಅನ್ನವನ್ನು ಕೊಡುತ್ತಿದೆ.

ನಮ್ಮ ಪರಿಚಿತರೊಬ್ಬರು ಇಂತಹ ಒಂದು ಅಂಗಡಿಗೆ ನಮ್ಮನ್ನು ಕರೆದೊಯ್ದರು. ಸಣ್ಣ ಕೋಣೆ, ಸಾಲಾಗಿ ಐದು ಕುರ್ಚಿಗಳು, ಒಂದೊಂದು ಕುರ್ಚಿಯ ಹಿಂದೆಯೂ ಒಬ್ಬಿಬ್ಬರು ನಿಂತು ಹೆಣೆಯುತ್ತಿದ್ದರು. ಅಂಗಡಿಯ ಯಜಮಾನಿಯು ನಮ್ಮ ಜಡೆಯನ್ನು ಕೈಯಲ್ಲೆತ್ತಿ ನೋಡಿ ನಕ್ಕು, “ಇದು ಜಾರುವ ಕೂದಲು. ನಮ್ಮ ಹೆಣಿಗೆ ಇದರಲ್ಲಿ ನಿಲ್ಲುವುದಿಲ್ಲ” ಎಂದಳು. ಈ ಮಾತು ನಮ್ಮನ್ನು ಯೋಚಿಸುವಂತೆ ಮಾಡಿತು. ನೀಳವಾಗಿ ಜಾರುವ ಕೂದಲನ್ನೇ ಸೌಂದರ್ಯದ ಅಳತೆಗೋಲೆಂದು ಎಣಿಸಿದವರು ನಾವು. ಆಕೆಯ ಲೆಕ್ಕದಲ್ಲಿ ಅದೊಂದು ಕೊರತೆ! ಬಿಗಿಯಾದ ಗುಂಗುರು ಕೂದಲಿನ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ, ಎಷ್ಟೋ ಹೆರಳುಗಳು ದಾರವಾಗಲಿ ಪಿನ್ನಾಗಲಿ ಇಲ್ಲದೆಯೇ ಬಿಚ್ಚದೆ ನಿಲ್ಲುವುವು. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಬಗೆಗೆ ಅವರು ‘ಕಾರ್ನ್‌ರೋ’ ಎನ್ನುವರು. ಮುಸುಕಿನ ಜೋಳದ ಸಾಲು ಎಂದು ಅದರ ಅರ್ಥ. ಚೌಕ ಚೌಕವಾಗಿ ಬೈತಲೆ ತೆಗೆದು ನೂರಾರು ಸಣ್ಣ ಜಡೆಗಳನ್ನು ಇಳಿಬಿಡುವುದು ‘ಬಾಕ್ಸ್ ಬ್ರೇಡ್’. ಇದಕ್ಕೆ ಅರ್ಧ ದಿನವೂ ಹಿಡಿಯುವುದುಂಟು. ಹಾಕಿಸಿಕೊಂಡ ಮೇಲೆ ಆರು ಎಂಟು ವಾರಗಳವರೆಗೆ ನಿತ್ಯದ ಬಾಚಣಿಗೆಯ ಕಾಟವಿಲ್ಲ.

ಇಂತಹ ಜಡೆಗಳಿಗೆ ನಮ್ಮ ಚೌರಿಯಂತೆ ಹೊರಗಿನ ಎಳೆಗಳನ್ನು ಸೇರಿಸುವ ರೂಢಿಯುಂಟು. ಹೆಚ್ಚಿನವು ಕಾರ್ಖಾನೆಯಲ್ಲಿ ತಯಾರಾದ ಕೃತಕ ಎಳೆಗಳು. ಆದರೆ ಬೀದಿಯ ಮತ್ತೊಂದು ಅಂಗಡಿಯ ಗಾಜಿನ ಹಿಂದೆ ‘ಭಾರತದ ಕೂದಲು’ ಎಂಬ ಚೀಟಿ ಹಚ್ಚಿದ ಕಟ್ಟುಗಳನ್ನು ಕಂಡು ನಾವು ನಿಂತುಬಿಟ್ಟೆವು. ತಿರುಪತಿಯಲ್ಲಿ ಭಕ್ತರು ಹರಕೆಯೊಪ್ಪಿಸಿದ ಮುಡಿಯು ಹರಾಜಾಗಿ ದೇಶಾಂತರಗಳಿಗೆ ಹೋಗುವುದೆಂಬುದನ್ನು ವಾಚಕರು ಬಲ್ಲರು. ಒಂದೆಡೆ ದೇವರಿಗೆ ಬಿಟ್ಟುಕೊಟ್ಟ ನೀಳ ಕೂದಲನ್ನು ಇನ್ನೊಂದೆಡೆ ಹೆಣ್ಣುಮಕ್ಕಳು ಬೆಲೆ ಕೊಟ್ಟು ಕೊಳ್ಳುವರು. ಅವರು ಯಾಕೆ ಕೊಳ್ಳಬೇಕಾಗಿ ಬಂತೆಂಬುದಕ್ಕೆ ಉತ್ತರವು ಅದೇ ಹೆರಳಂಗಡಿಯಲ್ಲಿ ದೊರೆಯಿತು.

ಅಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಅಜ್ಜಿಯೊಡನೆ ಬಂದು ಕುಳಿತಿದ್ದಳು. ಬರುವ ಶನಿವಾರ ಅಕ್ಕನ ಮದುವೆ. ಸೋಮವಾರ ಆಕೆಯು ಮೊದಲ ಬಾರಿಗೆ ಕಚೇರಿಯ ಕೆಲಸಕ್ಕೆ ಸೇರಬೇಕು. ಆಕೆಯ ತಲೆಯಲ್ಲಿ ಎರಡು ಬಗೆಯ ಕೂದಲಿತ್ತು. ಬುಡದಿಂದ ಗೇಣುದ್ದವು ಸುರುಳಿಸುರುಳಿಯಾದ ಹುಟ್ಟುಗೂದಲು. ಅಲ್ಲಿಂದ ತುದಿಯವರೆಗೆ ಹುಲ್ಲಿನಂತೆ ನೆಟ್ಟಗೆ, ಒಣಗಿ ನಿಂತ ಕೂದಲು. ಹನ್ನೆರಡನೆಯ ವಯಸ್ಸಿನಿಂದ ‘ರಿಲ್ಯಾಕ್ಸರ್’ ಎಂಬ ಔಷಧವನ್ನು ಹಚ್ಚಿಸಿಕೊಳ್ಳುತ್ತಿದ್ದು, ಹದಿನಾಲ್ಕು ತಿಂಗಳ ಹಿಂದೆ ನಿಲ್ಲಿಸಿದಳಂತೆ. ಅದರ ಬಲವಾದ ಬಗೆಯಲ್ಲಿರುವುದು ಸಾಬೂನು ಕಾಯಿಸಲು ಬಳಸುವ ಕಾಸ್ಟಿಕ್ ಸೋಡವೇ. ಕೂದಲಿಗೆ ಅದರ ಆಕಾರವನ್ನು ಕೊಡುವ ಒಳಗಿನ ಗಂಧಕದ ಬಂಧಗಳನ್ನು ಅದು ಮುರಿಯುವುದು. ಒಮ್ಮೆ ಮುರಿದ ಕೂದಲು ಮರಳಿ ಗುಂಗುರಾಗದು. ಹೊಸದಾಗಿ ಹುಟ್ಟುವುದು ಮಾತ್ರ ತನ್ನ ಸ್ವಭಾವದಂತೆ ಬರುವುದು. ತಿಂಗಳಿಗೆ ಸುಮಾರು 1¼ ಸೆಂಟಿಮೀಟರಿನಂತೆ ಬೆಳೆಯುವ ಕೂದಲು ಪೂರ್ಣವಾಗಿ ಹಿಂದಿರುಗಲು ವರ್ಷ, ಎರಡು ವರ್ಷ ಬೇಕು. ಕೆಲವರು ಧೈರ್ಯಮಾಡಿ ಹಳೆಯದನ್ನೆಲ್ಲ ಒಂದೇ ದಿನ ಕತ್ತರಿಸಿಬಿಡುವರು. ಉಳಿದವರು ಈ ಹುಡುಗಿಯಂತೆ ತುದಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಕಾಯುವರು. ಕಾಯುವಾಗ ಕಷ್ಟವೊಂದುಂಟು: ಎರಡು ಕೂದಲೂ ಕೂಡುವ ಸಂಧಿಯು ಬಹು ದುರ್ಬಲ; ಬಲವಾಗಿ ಬಾಚಿದರೆ ಅಲ್ಲಿಗೇ ತುಂಡಾಗುವುದು.

“ಮದುವೆಗೂ ಒಪ್ಪಬೇಕು, ಸೋಮವಾರಕ್ಕೂ ಉಳಿಯಬೇಕು” ಎಂದು ಹುಡುಗಿಯು ಕೇಳಿಕೊಂಡಳು. ಯಜಮಾನಿಯು ಕೆಲಸವನ್ನು ಆರಂಭಿಸಿದ ರೀತಿಯನ್ನು ನಾವು ಕುತೂಹಲದಿಂದ ನೋಡಿದೆವು. ಮೊದಲು ಕೂದಲನ್ನು ನೀರಿನಿಂದ ನೆನೆಸಿ, ಕಂಡಿಷನರ್ ಧಾರಾಳವಾಗಿ ಹಚ್ಚಿ, ಬೆರಳುಗಳಿಂದಲೇ ಸಿಕ್ಕು ಬಿಡಿಸಿದಳು. ಅದೂ ತುದಿಯಿಂದ ಮೊದಲುಮಾಡಿ, ಮೆಲ್ಲಮೆಲ್ಲನೆ ಬುಡದ ಕಡೆಗೆ. ಅನಂತರ ಅಗಲ ಹಲ್ಲಿನ ಬಾಚಣಿಗೆ. ಮುಂದಲೆಯ ಕೂದಲನ್ನು ನಾಲ್ಕು ಸಾಲುಗಳಾಗಿ ನೆತ್ತಿಗೆ ಒತ್ತಿಕೊಂಡಂತೆ ಎರಡೆಳೆಯಲ್ಲಿ ಹೊಸೆದು ಕಿರೀಟದ ಅಂಚಿನಂತೆ ಹಿಂದಕ್ಕೆ ತಂದಳು. ಹಿಂದಲೆಯ ಕೂದಲನ್ನು ಸಣ್ಣ ಸಣ್ಣ ಪಾಲುಮಾಡಿ, ಒಂದೊಂದನ್ನೂ ಹಗ್ಗ ಹೊಸೆದಂತೆ ಹೊಸೆದು, ನೆಟ್ಟಗಿದ್ದ ತುದಿಗಳನ್ನು ಮೃದುವಾದ ಸಣ್ಣ ಕೋಲುಗಳಿಗೆ ಸುತ್ತಿದಳು. ಪೂರ್ಣವಾಗಿ ಒಣಗಿದ ಮೇಲೆ ಬಿಚ್ಚಿದರೆ ತುದಿಯೂ ಬುಡದಂತೆಯೇ ಸುರುಳಿಯಾಗಿ, ಎರಡು ಕೂದಲೆಂಬ ಭೇದವೇ ಕಣ್ಣಿಗೆ ಬೀಳದು. ಹಸಿಯಿರುವಾಗ ಬಿಚ್ಚಿದರೆ ಮಾತ್ರ ಪಟ್ಟ ಶ್ರಮವೆಲ್ಲ ವ್ಯರ್ಥ. ಬಿಚ್ಚುವಾಗ ಬೆರಳುಗಳಿಗೆ ಒಂದು ತೊಟ್ಟು ಎಣ್ಣೆ ಸವರಿಕೊಳ್ಳಬೇಕು. ಶನಿವಾರ ಆ ಸುರುಳಿಗಳನ್ನೆಲ್ಲ ಮೇಲಕ್ಕೆತ್ತಿ ತುರುಬಾಗಿ ಕೂಡಿಸಿ ಬಿಳಿಯ ಹೂ ಮುಡಿಸುವುದು. ಸೋಮವಾರ ಹೂವನ್ನೂ ಪಿನ್ನುಗಳನ್ನೂ ತೆಗೆದು ಹಾಗೆಯೇ ಇಳಿಬಿಡುವುದು. ಒಂದೇ ಸಿಂಗಾರದಲ್ಲಿ ಎರಡು ಕಾರ್ಯ!

“ದಿನವೂ ಏನು ಮಾಡುವಿರಿ?” ಎಂದು ನಾವು ಕೇಳಿದೆವು. ಯಜಮಾನಿಯು ಹೆಣೆಯುತ್ತಲೇ ವಿವರಿಸಿದಳು. ನೆಟ್ಟಗಿನ ಕೂದಲಿನಲ್ಲಿ ನೆತ್ತಿಯ ಜಿಡ್ಡು ತಾನಾಗಿ ತುದಿಯವರೆಗೆ ಇಳಿಯುವುದು. ಸುರುಳಿಯ ದಾರಿಯಲ್ಲಿ ಅದು ಇಳಿಯಲಾರದು. ಆದುದರಿಂದ ಗುಂಗುರು ಕೂದಲು ಬೇಗ ಒಣಗುವುದು. ನಿತ್ಯವೂ ತೊಳೆಯಬಾರದು, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಸಾಕು. ತೊಳೆದ ಮೇಲೆ ತೇವವಿರುವಾಗಲೇ ಶಿಯಾ ಬೆಣ್ಣೆಯನ್ನೋ ಎಣ್ಣೆಯನ್ನೋ ಸವರಿ ಆ ತೇವವನ್ನು ಒಳಗೇ ಉಳಿಸಬೇಕು. ಮಲಗುವಾಗ ಸ್ಯಾಟಿನ್ ಬಟ್ಟೆಯನ್ನು ತಲೆಗೆ ಕಟ್ಟಬೇಕು; ಹತ್ತಿಯ ದಿಂಬು ತೇವವನ್ನು ಹೀರುವುದಲ್ಲದೆ ಉಜ್ಜಿ ಉಜ್ಜಿ ಕೂದಲನ್ನು ಮುರಿಯುವುದು. ಇನ್ನೊಂದು ಮಾತನ್ನು ಆಕೆ ಒತ್ತಿ ಹೇಳಿದಳು: ಹೆರಳು ನೋಯಬಾರದು. ಬಿಗಿ ಹೆಚ್ಚಾದರೆ ಹಣೆಯಂಚಿನ ಕೂದಲು ಉದುರುವುದು. ವರ್ಷಗಟ್ಟಲೆ ಎಳೆದರೆ ಅಲ್ಲಿ ಮತ್ತೆ ಹುಟ್ಟದೆಯೂ ಹೋಗಬಹುದು.

ಇಷ್ಟರವರೆಗೆ ಸುಮ್ಮನಿದ್ದ ಅಜ್ಜಿಯು ಆಗ ಮಾತನಾಡಿದಳು. ಆಕೆಯ ಬಾಲ್ಯದಲ್ಲಿ ಶನಿವಾರದ ರಾತ್ರಿ ತಾಯಿಯು ಒಲೆಯ ಮೇಲೆ ಕಬ್ಬಿಣದ ಬಾಚಣಿಗೆಯನ್ನು ಕಾಯಿಸಿ, ಮರುದಿನ ಚರ್ಚಿಗೆ ಹೋಗಲೆಂದು ಮಕ್ಕಳ ಕೂದಲನ್ನು ನೇರಮಾಡುತ್ತಿದ್ದಳಂತೆ. ಎಣ್ಣೆ ಸುಡುವ ವಾಸನೆ, ಕಿವಿಯನ್ನು ಮಡಿಸಿ ಹಿಡಿದುಕೊಂಡು ಅಲುಗದೆ ಕುಳಿತ ಭಯ, ಆಗಾಗ ಸುಟ್ಟ ಗುರುತು. ಆಕೆಯ ಮಗಳ ಕಾಲಕ್ಕೆ ಬಾಚಣಿಗೆ ಹೋಗಿ ರಿಲ್ಯಾಕ್ಸರ್ ಬಂತು, ಉರಿಯೇನೂ ಹೋಗಲಿಲ್ಲ. ಅಮೆರಿಕದ ಸರ್ಕಾರದ ಆರೋಗ್ಯ ಸಂಶೋಧಕರು 33,000ಕ್ಕೂ ಹೆಚ್ಚು ಸ್ತ್ರೀಯರನ್ನು ಹಲವು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ವರದಿಯು, ಕೂದಲು ನೇರಮಾಡುವ ಔಷಧಗಳನ್ನು ವರ್ಷಕ್ಕೆ ನಾಲ್ಕು ಬಾರಿಗಿಂತ ಹೆಚ್ಚಾಗಿ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರು ಹೆಚ್ಚಾಗಿ ಕಂಡಿತೆಂದು ತಿಳಿಸಿತು. ಸಂಬಂಧವು ಕಂಡ ಮಾತ್ರಕ್ಕೆ ಕಾರಣವು ಸಿದ್ಧವಾದಂತಲ್ಲ. ಆದರೂ ಅನೇಕ ತಾಯಂದಿರು ಇದರಿಂದ ಎಚ್ಚೆತ್ತರು.

ಆದರೂ ಅಜ್ಜಿಗೆ ಸೋಮವಾರದ ಚಿಂತೆಯು ತಪ್ಪಿರಲಿಲ್ಲ. “ಮಗು, ಕೆಲಸಕ್ಕೆ ಸೇರುವ ದಿನವಾದರೂ ನೇರಮಾಡಿಸಿದ್ದರೆ ಆಗುತ್ತಿತ್ತು” ಎಂದಳು. “ಈಗ ಕಾನೂನಿದೆ, ಅಜ್ಜಿ” ಎಂದಳು ಹುಡುಗಿ. “ಕಾನೂನು ಬಾಗಿಲನ್ನು ತೆರೆಯಿಸೀತು. ಒಳಗಿರುವವರ ಕಣ್ಣನ್ನು ತೆರೆಯಿಸೀತೆ?” ಎಂದಳು ಅಜ್ಜಿ. ಹುಡುಗಿಯು ಉತ್ತರ ಕೊಡಲಿಲ್ಲ, ಕನ್ನಡಿಯನ್ನೇ ನೋಡುತ್ತಿದ್ದಳು.

ಅಜ್ಜಿಯ ಭಯವು ಕಾರಣವಿಲ್ಲದ್ದಲ್ಲ. 1786ರಲ್ಲಿಯೇ ಲೂಯಿಸಿಯಾನದ ಸ್ಪ್ಯಾನಿಷ್ ರಾಜ್ಯಪಾಲನಾದ ಮಿರೋ ಎಂಬಾತನು, ಆಫ್ರಿಕ ಮೂಲದ ಸ್ವತಂತ್ರ ಸ್ತ್ರೀಯರು ಕೇಶವನ್ನು ಸಿಂಗರಿಸಿ ಮೆರೆಯಬಾರದೆಂದೂ, ವಸ್ತ್ರದಿಂದ ಮುಚ್ಚಬೇಕೆಂದೂ ಆಜ್ಞೆ ಹೊರಡಿಸಿದ್ದನು. ಆ ಸ್ತ್ರೀಯರು ಆ ವಸ್ತ್ರವನ್ನೇ ಬಣ್ಣಬಣ್ಣವಾಗಿ, ಆಭರಣವೆಂಬಂತೆ ಸುತ್ತಿಕೊಂಡರು. 1981ರಲ್ಲಿ ಇದೇ ನ್ಯೂಯಾರ್ಕಿನ ನ್ಯಾಯಾಲಯವೊಂದು, ವಿಮಾನ ಸಂಸ್ಥೆಯ ನೌಕರಳೊಬ್ಬಳು ಕಾರ್ನ್‌ರೋ ಹೆರಳು ಹಾಕಿಕೊಳ್ಳಲು ಕೇಳಿದ ಹಕ್ಕನ್ನು ಒಪ್ಪಲಿಲ್ಲ. ಹೆರಳೆಂಬುದು ಹುಟ್ಟಿನಿಂದ ಬಂದುದಲ್ಲ, ಬಿಚ್ಚಬಹುದಾದುದು ಎಂಬುದು ಅಲ್ಲಿಯ ವಾದಸರಣಿ. ಹೆಣೆಯದೆ ಬಿಟ್ಟರೆ ಸಿಕ್ಕಾಗುವ ಕೂದಲಿಗೆ ಹೆರಳೇ ರಕ್ಷಣೆಯೆಂಬುದನ್ನು ಆ ತೀರ್ಪು ಗಣಿಸಲಿಲ್ಲ. 2019ರ ಜುಲೈ ತಿಂಗಳಿನಲ್ಲಿ ಮೊದಲು ಕ್ಯಾಲಿಫೋರ್ನಿಯ, ಅದರ ಹಿಂದೆಯೇ ನ್ಯೂಯಾರ್ಕ್ ರಾಜ್ಯ, ಕೂದಲಿನ ಸ್ವಭಾವವನ್ನೂ ಹೆರಳುಗಳನ್ನೂ ಕಾರಣಮಾಡಿ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಭೇದವೆಣಿಸಬಾರದೆಂದು ಕಾನೂನು ಮಾಡಿದುವು.

ಅಂಗಡಿಯಿಂದ ಹೊರಟು ನಾವು 136ನೆಯ ಬೀದಿಯವರೆಗೆ ನಡೆದೆವು. ಅಲ್ಲಿ ಈಗ ಸಾರ್ವಜನಿಕ ಪುಸ್ತಕಭಂಡಾರವಿರುವ ಸ್ಥಳದಲ್ಲಿ ಒಮ್ಮೆ ಮೇಡಂ ಸಿ. ಜೆ. ವಾಕರರ ಮನೆಯೂ ಕೇಶಾಲಂಕಾರದ ಶಾಲೆಯೂ ಇದ್ದುವು. 1867ರಲ್ಲಿ, ಹಿಂದೆ ದಾಸ್ಯದಲ್ಲಿದ್ದ ತಂದೆತಾಯಿಗಳಿಗೆ ಹುಟ್ಟಿದ ಈಕೆ, ಬಟ್ಟೆ ಒಗೆದು ಜೀವಿಸುತ್ತಿದ್ದವರು. ತಲೆಯ ಚರ್ಮರೋಗದಿಂದ ತಮ್ಮ ಕೂದಲೇ ಉದುರಿದಾಗ ಅದಕ್ಕೆ ಲೇಪನ ಹುಡುಕಿದರು. ಅದನ್ನು ಮಾರಿ ಐಶ್ವರ್ಯವಂತರಾದರು. ಸಾವಿರಾರು ಹೆಂಗಸರಿಗೆ ಸ್ವಂತ ಸಂಪಾದನೆಯ ದಾರಿಯನ್ನು ತೋರಿಸಿ 1919ರಲ್ಲಿ ತೀರಿಕೊಂಡರು. ಕೂದಲನ್ನು ನೇರಮಾಡುವುದಲ್ಲ, ಆರೋಗ್ಯವಾಗಿ ಬೆಳೆಸುವುದೇ ತಮ್ಮ ಉದ್ದೇಶವೆಂದು ಅವರು ಹೇಳುತ್ತಿದ್ದರು. ಕಾದ ಬಾಚಣಿಗೆಯು ಮಾತ್ರ ಅವರ ಪದ್ಧತಿಯಲ್ಲಿಯೂ ಸೇರಿತ್ತು. ಅವರು ತೀರಿಕೊಂಡು ನಾಲ್ಕು ದಶಕಗಳು ಕಳೆದ ಮೇಲೆ, 1962ರ ಜನವರಿ 28ರಂದು, ಇದೇ ಹಾರ್ಲೆಮ್ಮಿನ ಪರ್ಪಲ್ ಮ್ಯಾನರ್ ಎಂಬ ಸಭಾಂಗಣದಲ್ಲಿ ತರುಣಿಯರು ನೇರಮಾಡದ ತಮ್ಮ ಹುಟ್ಟುಗೂದಲಿನಲ್ಲಿಯೇ ವೇದಿಕೆಯೇರಿ ನಡೆದರು. ಛಾಯಾಗ್ರಾಹಕ ಕ್ವಾಮೆ ಬ್ರಾಥ್‌ವೈಟ್ ಮತ್ತು ಅವರ ಸಂಗಡಿಗರು ಏರ್ಪಡಿಸಿದ ಆ ಪ್ರದರ್ಶನದ ಚಿತ್ರಗಳು ‘ಕಪ್ಪು ಸುಂದರ’ ಎಂಬ ಮಾತನ್ನು ದೂರದೂರಕ್ಕೆ ಒಯ್ದುವು.

ಇದೆಲ್ಲವೂ ಕಡಲಾಚೆಯ ಮಾತೆಂದು ವಾಚಕರು ಎಣಿಸಬಾರದು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿಯೂ, ಧಾರವಾಡ ಬೆಳಗಾವಿ ಜಿಲ್ಲೆಗಳ ಕೆಲವೆಡೆಗಳಲ್ಲಿಯೂ ಸಿದ್ದಿ ಜನರಿರುವರು. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ದಾಸರನ್ನಾಗಿ ತಂದವರ ಸಂತತಿಯವರೇ ಇವರಲ್ಲಿ ಬಹುಮಂದಿ. ಕನ್ನಡವೂ ಕೊಂಕಣಿಯೂ ಇವರ ಮನೆಮಾತುಗಳಲ್ಲಿ ಸೇರಿವೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿ ಜನರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಹಾರ್ಲೆಮ್ಮಿನಲ್ಲಿ ನಾವು ಕಂಡಂತಹ ಕೂದಲೇ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತ ಸಿದ್ದಿ ಬಾಲಿಕೆಯ ತಲೆಯಲ್ಲಿಯೂ ಇರುವುದು. ಅದನ್ನು ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಬಾ ಎಂದು ಗದರಿಸುವ ಮೊದಲು, ಆ ಕೂದಲಿಗೆ ಒಪ್ಪುವ ಹೆರಳು ಯಾವುದೆಂದು ಕೇಳುವುದು ಉಪಾಧ್ಯಾಯರ ಕರ್ತವ್ಯವೆಂದು ನಾವು ತಿಳಿಯುತ್ತೇವೆ.

ಉಳಿದ ಮನೆಗಳಲ್ಲಿಯೂ ಗುಂಗುರು ಕೂದಲಿನ ಹೆಣ್ಣುಮಕ್ಕಳು ಕಡಿಮೆಯಿಲ್ಲ. ಒಣಗಿದ ಕೂದಲನ್ನು ಸಣ್ಣ ಹಲ್ಲಿನ ಹಣಿಗೆಯಿಂದ ಎಳೆದು, ಕಣ್ಣೀರು ಬರಿಸಿ, ಕೊನೆಗೆ ಮದುವೆಯ ಕಾಲಕ್ಕೆ ಬ್ಯೂಟಿ ಪಾರ್ಲರಿಗೆ ಕರೆದೊಯ್ದು ನೇರಮಾಡಿಸುವುದೇ ಎಷ್ಟೋ ಮನೆಗಳ ಪದ್ಧತಿಯಾಗಿದೆ. ನೇರಮಾಡಿಸಿಕೊಳ್ಳುವುದೂ ಬಿಡುವುದೂ ಬೆಳೆದ ಹೆಣ್ಣಿನ ಇಷ್ಟ. ಆದರೆ ಹುಟ್ಟಿದ ಕೂದಲು ತಪ್ಪೆಂಬ ಮಾತನ್ನು ಮಗುವಿನ ಕಿವಿಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ಮಗಳ ತಲೆಯಲ್ಲಿ ಸುರುಳಿಗಳಿದ್ದರೆ ತಾಯಂದಿರು ಹಾರ್ಲೆಮ್ಮಿನ ಆ ಯಜಮಾನಿಯ ಕ್ರಮವನ್ನು ಒಂದು ಭಾನುವಾರ ಅನುಸರಿಸಿ ನೋಡಲಿ: ಮೊದಲು ನೀರು, ಆಮೇಲೆ ಬೆರಳು, ಕೊನೆಗೆ ಬಾಚಣಿಗೆ, ತುದಿಯಿಂದ ಬುಡಕ್ಕೆ, ಅವಸರವಿಲ್ಲದೆ.