ಡ್ರ್ಯಾಗನ್ ಕೊಡೋ ಮಗಾ

ಅರಸೀಕೆರೆಯಂಥ ಊರಿನಲ್ಲಿ ಐವತ್ತರ ಆಸುಪಾಸಿನ ಟೀಚರಮ್ಮನಿಗೆ ಸಂಘಗಳ ಬರವಿಲ್ಲ. ಮಹಿಳಾ ಸಮಾಜ, ಭಜನಾ ಮಂಡಳಿ, ಶಿಕ್ಷಕರ ಸಂಘ, ಬಡಾವಣೆಯ ಗಣಪತಿ ಸಮಿತಿ, ಎಲ್ಲದರಲ್ಲೂ ನನ್ನ ಹೆಸರಿದೆ, ಎಲ್ಲದಕ್ಕೂ ಚಂದಾ ಕಟ್ಟಿದ್ದೇನೆ, ಒಂದರಲ್ಲೂ ಮೇಲೇರಿಲ್ಲ. ಚಂದಾ ಕೇಳದೆ ಸೇರಿಸಿಕೊಂಡು, ವರ್ಷ ತುಂಬುವುದರೊಳಗೆ ಎಲ್ಡರ್ ಅಂತ ಪದವಿಯನ್ನೂ ಕೊಟ್ಟ ಸಂಘ ಒಂದೇ, ಅದು ಮೊಬೈಲಿನೊಳಗಿನದು. ಅದರ ಅಧ್ಯಕ್ಷನಿಗೆ ಆಗಿನ್ನೂ ಮೀಸೆ ಬಂದಿರಲಿಲ್ಲ.

ಆಟದ ಹೆಸರು ಕ್ಲ್ಯಾಶ್ ಆಫ್ ಕ್ಲ್ಯಾನ್ಸ್. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿರುವ ಸೂಪರ್‌ಸೆಲ್ ಎಂಬ ಕಂಪನಿ ಇದನ್ನು 2012ರಲ್ಲಿ ಐಫೋನಿಗೆ, ಮರುವರ್ಷ ಆಂಡ್ರಾಯ್ಡ್‌ಗೆ ಬಿಟ್ಟಿತು. ನಿಮಗೊಂದು ಪುಟ್ಟ ಹಳ್ಳಿ. ಅದರಲ್ಲಿ ಚಿನ್ನದ ಗಣಿ, ಎಲಿಕ್ಸಿರ್ ಎಂಬ ನೇರಳೆ ಬಣ್ಣದ ಕಷಾಯ ಎತ್ತುವ ಯಂತ್ರ, ಫಿರಂಗಿ, ಗೋಡೆ. ನೀವಿಲ್ಲದ ಹೊತ್ತಿನಲ್ಲಿ ಯಾರೋ ಬಂದು ದೋಚಿಕೊಂಡು ಹೋಗುತ್ತಾರೆ. ನೀವು ಇನ್ಯಾರದೋ ಹಳ್ಳಿಗೆ ಹೋಗಿ ದೋಚುತ್ತೀರಿ. ಹಳ್ಳಿಯಲ್ಲೊಂದು ಪಾಳುಬಿದ್ದ ಕೋಟೆಯಿರುತ್ತದೆ; ಚಿನ್ನ ಸುರಿದು ಅದನ್ನು ರಿಪೇರಿ ಮಾಡಿಸಿದರೆ ಕ್ಲ್ಯಾನ್ ಸೇರಬಹುದು. ಒಂದು ಕ್ಲ್ಯಾನಿಗೆ ಗರಿಷ್ಠ 50 ಜನ.

ನಾನಾಗಿ ಸೇರಿದವಳಲ್ಲ. ಪಿಯುಸಿಯಲ್ಲಿದ್ದ ಮಗನಿಗೆ ಸೈನಿಕರ ಕೊರತೆ. ತನ್ನ ಕೋಟೆಗೆ ತಾನೇ ಸೈನಿಕರನ್ನು ದಾನ ಮಾಡಿಕೊಳ್ಳಲು ಬರುವುದಿಲ್ಲವಲ್ಲ, ಅದಕ್ಕೆ ಅಮ್ಮನ ಫೋನಿನಲ್ಲೊಂದು ಹಳ್ಳಿ ಕಟ್ಟಿದ. ಹೆಸರನ್ನೂ ಅವನೇ ಇಟ್ಟ. ಅದು 'ಕಿಲ್ಲರ್' ಎಂದು ಮುಗಿಯುತ್ತಿತ್ತು, ಹಿಂದೆ ಮುಂದೆ ಎರಡೆರಡು ಎಕ್ಸ್ ಅಕ್ಷರ. ಬೆಳಿಗ್ಗೆ ಒಂದನೇ ತರಗತಿಗೆ ಅ ಆ ಇ ಈ ಬರೆಸುವವಳು ನಾನು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಿಲ್ಲರ್. 'ಡ್ರ್ಯಾಗನ್ ಕೊಡೋ ಮಗಾ' ಎಂದು ಗದಗಿನ ಹುಡುಗನೊಬ್ಬ ಕೇಳಿದಾಗ ಮೊದಲಿಗೆ ಮೈಯೆಲ್ಲ ಉರಿದುಹೋಯಿತು. ವಾರದೊಳಗೆ 'ತಗೋ ಬ್ರೋ' ಎನ್ನುವಷ್ಟು ಪಳಗಿದೆ.

ಈ ಆಟಗಳನ್ನು ಆಡುವವರ ನಡುವೆ ಮುಗಿಯದ ತಕರಾರೊಂದಿದೆ. ಸಂಘ ಕಟ್ಟಿಕೊಂಡು ಆಡಿದರೆ ಚೆಂದವೋ, ಒಬ್ಬರೇ ಆಡಿದರೆ ಚೆಂದವೋ ಅಂತ. ನನ್ನ ತೀರ್ಪನ್ನು ಈಗಲೇ ಹೇಳಿಬಿಡುತ್ತೇನೆ: ಸಂಘ ಸೇರಿದರೆ ಆಟ ಕೆಡುತ್ತದೆ. ಒಂಟಿ ಆಟಗಾರ ಸುಖಿ. ಬೇಕೆನಿಸಿದಾಗ ದೋಚುತ್ತಾನೆ, ಬೇಸರವಾದರೆ ಫೋನು ಮಗುಚಿಟ್ಟು ಮಲಗುತ್ತಾನೆ. ಸೋತರೆ ಅವನ ಗೋಡೆ ಒಡೆಯುತ್ತದೆ, ಅಷ್ಟೆ. ಯಾರೂ ಬಂದು 'ಏನ್ ಬ್ರೋ ಇದು' ಎಂದು ಕೇಳುವುದಿಲ್ಲ. ಕ್ಲ್ಯಾನಿನವನಿಗೆ ಆ ನೆಮ್ಮದಿ ಎಲ್ಲಿಯದು?

ಅದರಲ್ಲೂ 2014ರಲ್ಲಿ ಕ್ಲ್ಯಾನ್ ವಾರ್ ಬಂದಮೇಲೆ ಪೂರ್ತಿ ಹೋಯಿತು. ಒಂದು ದಿನ ತಯಾರಿ, ಮರುದಿನ ಯುದ್ಧ. ತಲೆಗೆ ಎರಡೇ ದಾಳಿ, ಒಂದೊಂದೂ ಹೆಚ್ಚೆಂದರೆ ಮೂರು ನಿಮಿಷದ್ದು. ಎದುರಾಳಿಯ ಹಳ್ಳಿ ಅರ್ಧ ಬಿದ್ದರೆ ಒಂದು ಸ್ಟಾರ್, ಹಳ್ಳಿಯ ಮುಖ್ಯ ಕಟ್ಟಡವಾದ ಟೌನ್ ಹಾಲ್ ಬಿದ್ದರೆ ಇನ್ನೊಂದು, ಒಂದು ಕಲ್ಲೂ ಉಳಿಯದಂತೆ ಕೆಡವಿದರೆ ಮೂರನೆಯದು. ನಮ್ಮ ಕ್ಲ್ಯಾನಿನ ಗೋಡೆಯ ಮೇಲೆ ನಿಯಮ ಬರೆದಿತ್ತು: ಎರಡೂ ದಾಳಿ ಮಾಡದವನಿಗೆ ಗೇಟ್‌ಪಾಸ್. ವಾರ್ ಎಂಬುದು ರಾಹುಕಾಲ, ಮುಹೂರ್ತ ಒಂದನ್ನೂ ನೋಡುವುದಿಲ್ಲ. ತರೀಕೆರೆಯಲ್ಲಿ ನಮ್ಮ ದಾಯಾದಿಯೊಬ್ಬರ ಮಗನ ಉಪನಯನ. ಪಂಕ್ತಿಯಲ್ಲಿ ಕೂತಿದ್ದೇನೆ, ಬಲಗೈಯಲ್ಲಿ ಸಾರನ್ನ, ಮಡಿಲಲ್ಲಿಟ್ಟ ಎಡಗೈಯಲ್ಲಿ ಫೋನು, ಯುದ್ಧ ಮುಗಿಯಲು ಸ್ವಲ್ಪವೇ ಹೊತ್ತು. ಎಡ ಹೆಬ್ಬೆರಳಲ್ಲೇ ಬಾಂಬು ಹಾಕುವ ಬಲೂನುಗಳನ್ನು ಬಿಟ್ಟೆ. ಮೂರು ಸ್ಟಾರ್ ಬಿತ್ತು. ಎದ್ದು ನಿಂತು ಕೂಗಬೇಕೆನಿಸಿತು. ಎದುರಿಗೆ ಬಡಿಸುವವರು ಹೋಳಿಗೆ ಹಿಡಿದು ನಿಂತಿದ್ದರು. ಪಕ್ಕದಲ್ಲಿದ್ದ ಅತ್ತಿಗೆ, 'ಏನು, ಮನೇಲಿ ಏನಾದರೂ ಶುಭ ಸುದ್ದಿಯಾ?' ಎಂದರು.

ಇಷ್ಟೆಲ್ಲ ಕಾಟವಿದ್ದೂ ಏಕೆ ಬಿಡಲಿಲ್ಲ? ಈ ಆಟದಲ್ಲಿ ಆಡುವುದು ಕಡಿಮೆ, ಕಾಯುವುದು ಹೆಚ್ಚು. ಆರಂಭದಲ್ಲಿ ಒಂದು ಫಿರಂಗಿ ನಿಮಿಷದಲ್ಲಿ ಏಳುತ್ತದೆ. ಮೇಲೆ ಮೇಲೆ ಹೋದಂತೆ ಟೌನ್ ಹಾಲ್ ದೊಡ್ಡದು ಮಾಡಲು ದಿನಗಟ್ಟಲೆ ಬೇಕು. ಕಾಯಲಾರದವರು ದುಡ್ಡು ಕೊಟ್ಟು ಜೆಮ್ಸ್ ಎಂಬ ಹಸಿರು ಹರಳು ಕೊಂಡು ಕೆಲಸ ಬೇಗ ಮುಗಿಸಿಕೊಳ್ಳಬಹುದು. ಕಂಪನಿ ಮಾರುವುದು ಹೊತ್ತನ್ನೇ. ಸಂಬಳದಿಂದ ಹೊತ್ತು ಕೊಳ್ಳುವ ಜಾತಿ ನಮ್ಮದಲ್ಲವಾದ್ದರಿಂದ ಕಾಯುತ್ತಾ ಕೂತು ಮಾತಾಡಿದೆವು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಮಾತು. ಯಾವ ಊರಲ್ಲಿ ಮಳೆ, ಯಾರಿಗೆ ಬ್ಯಾಕ್‌ಲಾಗ್, ಯಾರ ಮನೆಯ ಎಮ್ಮೆ ಕರು ಹಾಕಿತು. ಒಬ್ಬಳೇ ಆಗಿದ್ದರೆ ಹದಿನೈದು ದಿನದಲ್ಲಿ ಆ ಹಳ್ಳಿಗೆ ಎಳ್ಳುನೀರು ಬಿಡುತ್ತಿದ್ದೆ. ಬೇಸರದ ಆಟವನ್ನು ಜನ ಬಿಡದಂತೆ ಮಾಡಲು ಜನವನ್ನೇ ಕಾವಲಿಗೆ ಹಾಕಬೇಕು ಎಂಬುದು ಹೆಲ್ಸಿಂಕಿಯವರಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಜಾಣತನವೆನ್ನಬೇಕೋ ಕುತಂತ್ರವೆನ್ನಬೇಕೋ, ನನಗಂತೂ ಎರಡೂ ಒಪ್ಪಿಗೆ.

ಮಾತಿಗಿಂತ ಗಟ್ಟಿಯಾದದ್ದು ದಾನ. ಬೇಕಾದವನು ಕೇಳುತ್ತಾನೆ, ಇದ್ದವನು ಕೊಡುತ್ತಾನೆ. ಯಾರು ಎಷ್ಟು ಕೊಟ್ಟರು, ಎಷ್ಟು ಪಡೆದರು ಎಂಬ ಲೆಕ್ಕ ಹೆಸರಿನ ಮುಂದೆಯೇ ಎಲ್ಲರಿಗೂ ಕಾಣುವಂತೆ ಇರುತ್ತದೆ. ನಮ್ಮ ಮದುವೆಮನೆಗಳಲ್ಲಿ ಮುಯ್ಯಿ ಬರೆಯುವ ನೋಟ್‌ಬುಕ್ ಇದ್ದ ಹಾಗೆ. ಒಂದೇ ವ್ಯತ್ಯಾಸ: ನಮ್ಮ ನೋಟ್‌ಬುಕ್ಕು ಟ್ರಂಕಿನ ತಳದಲ್ಲಿ ಎರಡು ತಲೆಮಾರು ಬದುಕುತ್ತದೆ, 'ಅವರು ನಮ್ಮ ಶಾರದನ ಮದುವೆಗೆ ಹಾಕಿದ್ದು ಐವತ್ತೊಂದೇ' ಎಂದು ನೆನಪಿಸುತ್ತಲೇ ಇರುತ್ತದೆ; ಆಟದಲ್ಲಿ ತಿಂಗಳಿಗೊಮ್ಮೆ ಎಲ್ಲವನ್ನೂ ಸೊನ್ನೆ ಮಾಡಿಬಿಡುತ್ತಾರೆ. ಇದೊಂದು ಪದ್ಧತಿ ನಮ್ಮ ಕಡೆಗೂ ಬಂದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು. ಆಗೆಲ್ಲ ಒಂದು ಡ್ರ್ಯಾಗನ್ ತಯಾರಾಗಲು ಎಲಿಕ್ಸಿರ್ ಖರ್ಚಾಗುತ್ತಿತ್ತು, ನಿಮಿಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಬೆಳೆಸಿದ್ದನ್ನು ಮುಖ ನೋಡದವನಿಗೆ ಕೊಟ್ಟಾಗ ಅವನು ಹಾಕುವ 'ಥ್ಯಾಂಕ್ಸ್ ಮಗಾ'ಕ್ಕೆ ತೂಕವಿತ್ತು. 2022ರಲ್ಲಿ ಕಂಪನಿ ಖರ್ಚು ತೆಗೆಯಿತು, 2025ರಲ್ಲಿ ಕಾಯುವ ಹೊತ್ತನ್ನೂ ತೆಗೆಯಿತು. ಅನುಕೂಲವೇ, ಇಲ್ಲವೆನ್ನುವುದಿಲ್ಲ. ಕೊಟ್ಟವನ ಕೈಯಿಂದ ಏನೂ ಹೋಗದಿದ್ದರೆ ಅದು ದಾನವೋ ಕರಪತ್ರವೋ ನೀವೇ ಹೇಳಿ.

ಹೊರದೇಶದ ದೊಡ್ಡ ಆಟಗಳಲ್ಲೂ ಇದೇ ಕಥೆ ಎಂದು ಮಗ ಆಮೇಲೆ ಹೇಳಿದ. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಸಂಘಕ್ಕೆ ಗಿಲ್ಡ್ ಎನ್ನುತ್ತಾರೆ. ಅಲ್ಲಿ ಬೆಂಕಿಯ ಗುಹೆಯೊಂದರಲ್ಲಿ ರಾಗ್ನರೋಸ್ ಎಂಬ ರಾಕ್ಷಸನಿದ್ದ. ಅವನನ್ನು ಕೆಡವಲು 40 ಜನ ಒಂದೇ ಹೊತ್ತಿಗೆ ಕಂಪ್ಯೂಟರಿನ ಮುಂದೆ ಸೇರಬೇಕಿತ್ತು. ನಮ್ಮ ಮಹಿಳಾ ಸಮಾಜದ ವಾರ್ಷಿಕ ಸಭೆಗೇ ಅಷ್ಟು ಜನ ಬರುವುದಿಲ್ಲ. ಅವನು ಸತ್ತ ಮೇಲೆ ಸಿಗುವ ಒಡವೆ ನಾಲ್ಕಾರು, ಕಾದು ನಿಂತವರು 40. ಜಗಳ ಬರದಂತೆ ಯಾರು ಎಷ್ಟು ರಾತ್ರಿ ದುಡಿದರು ಎಂದು ಅಂಕ ಬರೆದಿಡುತ್ತಿದ್ದರು. ಅದಕ್ಕೂ ಹಿಂದೆ, 1999ರ ಎವರ್‌ಕ್ವೆಸ್ಟ್ ಕಾಲದಲ್ಲೇ ಡ್ರ್ಯಾಗನ್ ಕೊಂದ ಲೆಕ್ಕದ ಅಂಕಗಳೆಂದು ಈ ಪದ್ಧತಿ ಶುರುವಾಗಿತ್ತಂತೆ. ಆಟಕ್ಕೆಂದು ಬಂದವರು ಹಾಜರಿ ಪುಸ್ತಕ ತೆರೆದು ಕೂತರು! 2006ರಲ್ಲಿ ಪಾಲೋ ಆಲ್ಟೋದ ಕೆಲವು ಸಂಶೋಧಕರು ಇದೇ ವಾರ್‌ಕ್ರಾಫ್ಟನ್ನು ಅಳೆದು ನೋಡಿದರೆ, ಸುತ್ತ ಜನ ಕಿಕ್ಕಿರಿದಿದ್ದರೂ ಆಟಗಾರರು ಹೆಚ್ಚು ಹೊತ್ತು ಆಡುವುದು ಒಬ್ಬೊಬ್ಬರೇ ಎಂದು ಕಂಡಿತು. ನನಗೇನೂ ಆಶ್ಚರ್ಯವಾಗಲಿಲ್ಲ. ನಾವು ಐವತ್ತು ಜನರೂ ದೋಚಲು ಹೋಗುತ್ತಿದ್ದದ್ದು ಒಬ್ಬೊಬ್ಬರೇ. ದೋಚಿ ಬಂದು ಹೇಳಿಕೊಳ್ಳಲು ಮಾತ್ರ ಉಳಿದವರು ಬೇಕಿತ್ತು.

ಸಂಘವೆಂದ ಮೇಲೆ ರಾಜಕೀಯ ಇರಲೇಬೇಕಲ್ಲ. ನಮ್ಮಲ್ಲೊಮ್ಮೆ ಲೀಡರನು ತನ್ನ ಗೆಳೆಯನಿಗೆ ಕೊಲೀಡರ್ ಪದವಿ ಕೊಟ್ಟ. ಇಬ್ಬರಿಗೂ ಐಪಿಎಲ್ ವಿಷಯಕ್ಕೆ ಜಗಳವಾಯಿತು. ಬೆಳಗಾಗುವುದರೊಳಗೆ ಆ ಪುಣ್ಯಾತ್ಮ ಕೈಗೆ ಸಿಕ್ಕವರನ್ನೆಲ್ಲ ಕ್ಲ್ಯಾನಿನಿಂದ ಹೊರಗೆ ಹಾಕಿ ತಾನೂ ಹೋಗಿಬಿಟ್ಟಿದ್ದ. ನಾನು ಪಾಠದ ಮಧ್ಯೆ ನೋಡಿಕೊಂಡರೆ ಬೀದಿಯಲ್ಲಿದ್ದೇನೆ. ಸಾಯಂಕಾಲ ಒಬ್ಬೊಬ್ಬರನ್ನೇ ಹುಡುಕಿ ಮತ್ತೆ ಕರೆಸಿಕೊಂಡರೆನ್ನಿ. 2009ರಲ್ಲಿ ಈವ್ ಆನ್‌ಲೈನ್ ಎಂಬ ಆಟದಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಎಂಬ ಮಹಾಕೂಟ ಹೀಗೇ ಮುಳುಗಿತು. ಒಳಗಿನ ಅಧಿಕಾರಸ್ಥನೊಬ್ಬ ಶತ್ರುಗಳ ಕಡೆ ಸೇರಿ ಇಡೀ ಒಕ್ಕೂಟವನ್ನೇ ವಿಸರ್ಜಿಸಿಬಿಟ್ಟ. ವರ್ಷಗಟ್ಟಲೆ ಯುದ್ಧದಲ್ಲಿ ಆಗದ್ದು ಒಂದು ಬಟನ್ನಿನಲ್ಲಿ ಆಯಿತು. ಅದರ ಮುಂದೆ ನಮ್ಮ ಐಪಿಎಲ್ ಜಗಳ ಏನೂ ಅಲ್ಲ.

ಅಷ್ಟರಲ್ಲಿ ಮಗ ಇಂಜಿನಿಯರಿಂಗಿಗೆ ಹೋದ. ಹಾಸ್ಟೆಲಿನಲ್ಲಿ ಪಬ್ಜಿ ಹಿಡಿದ. ಅವನ ಹಳ್ಳಿ ಕ್ಲ್ಯಾನಿನ ಪಟ್ಟಿಯಲ್ಲಿ ಕೆಳಗೆ ಕೆಳಗೆ ಇಳಿಯಿತು, ಮುಂದೆ ಲೀಡರನು ಅವನನ್ನು ತೆಗೆದುಹಾಕಿದ. ತಾಯಿಯ ಕಣ್ಣೆದುರೇ ಮಗನನ್ನು ಗಡೀಪಾರು ಮಾಡಿದರೂ ನಾನು ಬಾಯಿ ಬಿಡಲಿಲ್ಲ. ವಾರ್ ನಡೆಯುತ್ತಿತ್ತು.

ನನ್ನ ಗುಟ್ಟು ಒಡೆದದ್ದು 2020ರ ಜೂನ್ 29ರ ರಾತ್ರಿ. ಕೊರೊನಾದಿಂದ ಮುಂದಕ್ಕೆ ಹೋಗಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗ ನಡೆಯುತ್ತಿತ್ತು. ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದ ಸುದ್ದಿ ಬಂದದ್ದೇ ತಡ, ಕ್ಲ್ಯಾನಿನಲ್ಲಿ ಕೋಲಾಹಲ. ಪಟ್ಟಿಯಲ್ಲಿ ಕ್ಲ್ಯಾಶ್ ಎಂಬ ಹೆಸರಿದೆ, ನಮ್ಮ ಹಳ್ಳಿಗಳೆಲ್ಲ ಹೋದವು ಎಂದು ಅಳುವವರೇ ಎಲ್ಲ. ನಾನು ಪಟ್ಟಿ ತೆಗೆದು ನೋಡಿದೆ. ಅದು ಕ್ಲ್ಯಾಶ್ ಆಫ್ ಕಿಂಗ್ಸ್ ಎಂಬ ಬೇರೆ ಆಟ. ಹಾಗೆಂದು ಬರೆದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ ಕೊಲೀಡರ್ ಎಸ್ಸೆಸ್ಸೆಲ್ಸಿಯವನೆಂದು ನೆನಪಾಗಿ, 'ನಿನ್ನ ಪರೀಕ್ಷೆ ಮುಗಿದಿಲ್ಲ, ಫೋನ್ ಇಟ್ಟು ಪುಸ್ತಕ ಹಿಡಿ, ಪರೀಕ್ಷೆಗೆ ಹೋಗುವಾಗ ಮಾಸ್ಕ್ ಮರೀಬೇಡ' ಎಂದೂ ಬರೆದೆ. ಇಡೀ ಕ್ಲ್ಯಾನ್ ಗಪ್‌ಚುಪ್. ಸ್ವಲ್ಪ ಹೊತ್ತಿನ ಮೇಲೆ ಕುವೈತಿನಲ್ಲಿದ್ದವನೊಬ್ಬ, 'ಕಿಲ್ಲರ್, ನೀವು ಟೀಚರಾ?' ಎಂದ. ಒಪ್ಪಿಕೊಂಡೆ. ಆ ರಾತ್ರಿಯೆಲ್ಲ ನಾನು ಆಂಟಿಯಾದೆ, ಮೇಡಮ್ ಆದೆ. ಮರುದಿನ ವಾರ್ ಶುರುವಾಯಿತು ನೋಡಿ, 'ಡ್ರ್ಯಾಗನ್ ಕೊಡೋ ಮಗಾ'.

ಆ ಕುವೈತಿನವನ ವಿಷಯ ಹೇಳಬೇಕು. ಮಂಗಳೂರು ಕಡೆಯವನು, ಅಲ್ಲಿ ಡ್ರೈವರ್. ಅವನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನಾವೆಲ್ಲ ಮಲಗಿದ ಮೇಲೆ ಅವನ ಸಂಜೆ ಮುಗಿಯುತ್ತಿತ್ತು. ಕೇಳಿ ಮಲಗಿದವರ ಕೋಟೆಗಳನ್ನೆಲ್ಲ ಅವನೇ ತುಂಬಿಸುತ್ತಿದ್ದ. ಪಡೆದದ್ದರ ಎದುರು ಅವನದು ಯಾವಾಗಲೂ ಸಣ್ಣ ಅಂಕಿ. ಊರಿಗೆ ಬಂದು ಮನೆ ಕಟ್ಟಿಸುತ್ತೇನೆ, ಇಲ್ಲಿ ಟೌನ್ ಹಾಲ್ ಏಳುವುದರೊಳಗೆ ಅಲ್ಲಿ ಪಾಯವಾದರೂ ಆಗಲಿ ಎನ್ನುತ್ತಿದ್ದ. ಮರುವರ್ಷ ಒಂದು ತಿಂಗಳು ಅವನ ಹೆಸರಿನ ಮುಂದೆ ಕೊಟ್ಟದ್ದು ಸೊನ್ನೆ, ಪಡೆದದ್ದು ಸೊನ್ನೆ. ಮುಂದಿನ ತಿಂಗಳೂ ಹಾಗೇ. ಕೆಲಸ ಬದಲಾಯಿತೋ, ಫೋನು ಕಳೆಯಿತೋ, ಆಟ ಸಾಕೆನಿಸಿತೋ, ಕೊರೊನಾವೋ. ಕೇಳಲು ಯಾರೂ ಇರಲಿಲ್ಲ. ಐವತ್ತು ಜನರಲ್ಲಿ ಒಬ್ಬರಿಗೂ ಅವನ ನಿಜವಾದ ಹೆಸರು ಗೊತ್ತಿರಲಿಲ್ಲ. ಹುಡುಗರು ಎಷ್ಟು ಕಟುಕರೆಂದರೆ ವಾರ್‌ನಲ್ಲಿ ತಪ್ಪಿಸಿಕೊಂಡವನನ್ನು ಹೊರಗೆ ಹಾಕುವವರು; ಅವನೊಬ್ಬನ ಹೆಸರನ್ನು ಮಾತ್ರ ಯಾರೂ ತೆಗೆಯಲಿಲ್ಲ.

ಮಾಟ್ಸ್ ಸ್ಟೀನ್ ಎಂಬ ನಾರ್ವೆಯ ಯುವಕನ ಬಗ್ಗೆ 2024ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ಸ್ನಾಯುಗಳು ಸೊರಗುವ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದವನು, ವಾರ್‌ಕ್ರಾಫ್ಟಿನಲ್ಲಿ ಇಬೆಲಿನ್ ಎಂಬ ಹೆಸರಿನಲ್ಲಿ ಆಡುತ್ತಿದ್ದ. 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿಯೇ ಬದುಕಿ ಹೋದನೆಂದು ಅಪ್ಪ ಅಮ್ಮ ಅಂದುಕೊಂಡಿದ್ದರು. ಅವನ ಬ್ಲಾಗಿನ ಪಾಸ್‌ವರ್ಡ್ ಮನೆಯವರ ಹತ್ತಿರ ಇತ್ತು. ಸಾವಿನ ಸುದ್ದಿ ಬರೆದರು. ಗಿಲ್ಡಿನವರಿಂದ ಪತ್ರಗಳ ಮೇಲೆ ಪತ್ರ ಬಂದವು. ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೂ ಬಂದರು. ಅವನ ಜೊತೆ ನಗುತ್ತಿದ್ದವರು, ಅವನಲ್ಲಿ ಕಷ್ಟ ಹೇಳಿಕೊಂಡವರು ಅಷ್ಟೊಂದು ಜನ ಇದ್ದರೆಂದು ಅಪ್ಪ ಅಮ್ಮನಿಗೆ ತಿಳಿದದ್ದು ಆಗ. ಚಿತ್ರ ಮುಗಿದ ಮೇಲೆ ಕ್ಲ್ಯಾನಿನ ಪಟ್ಟಿ ತೆರೆದು ಕುವೈತಿನವನ ಹೆಸರನ್ನು ನೋಡುತ್ತಾ ಕೂತಿದ್ದೆ.

ನಮ್ಮ ಕ್ಲ್ಯಾನ್ ಈಗಲೂ ಇದೆ, ಹತ್ತು ಹನ್ನೆರಡು ಹೆಸರು. ಆಡುವವರು ನಾನು ಮತ್ತು ಗದಗಿನವನು. ಅವನೀಗ ಪೊಲೀಸ್ ಕಾನ್‌ಸ್ಟೇಬಲ್. ಕ್ಲ್ಯಾನ್ ಸೇರಬೇಕೇ ಎಂದು ನನ್ನ ಶಾಲೆಯ ಮಕ್ಕಳ ಅಣ್ಣಂದಿರು ಈಗಲೂ ಕೇಳುತ್ತಾರೆ. ಆಟ ಕೆಡುತ್ತದೆ, ಸೇರಿಕೊಳ್ಳಿ ಎನ್ನುತ್ತೇನೆ. ಸೇರಿದ ಮೇಲೆ ಆ ಕ್ಲ್ಯಾನಿನ ಹೆಸರನ್ನೂ ನಿಮ್ಮ ಆಟದ ಹೆಸರನ್ನೂ ಮನೆಯಲ್ಲಿ ಒಬ್ಬರಿಗಾದರೂ ಹೇಳಿಟ್ಟಿರಿ. ಮನೆಯವರಿಗೂ ಒಂದು ಮಾತು: ಊಟಕ್ಕೆ ಕರೆದಾಗ ಹುಡುಗ 'ವಾರ್ ಇದೆ' ಎಂದರೆ ಫೋನು ಕಸಿಯಬೇಡಿ. ದಾಳಿ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ನಡೆಯುವುದಿಲ್ಲ.